ಅರ್ಥವಿಲ್ಲದ ನೂರು ಪದಗಳು: ಕ್ಲಿಕ್‌ನಿಂದ ರ‍್ಯಾಂಕಿಂಗ್ ಬದಲಾದ ಒಂದು ಪ್ರಕರಣದ ಅಧ್ಯಯನ

2010ರ ಡಿಸೆಂಬರ್ 17ರಿಂದ ಗೂಗಲ್‌ನ ಇಪ್ಪತ್ತು ಮಂದಿ ಎಂಜಿನಿಯರ್‌ಗಳು ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಹೊಸದಾಗಿ ವಿಂಡೋಸ್ ಹಾಕಿದ್ದ ಲ್ಯಾಪ್‌ಟಾಪ್‌ಗಳಲ್ಲಿ, ಯಾವ ಭಾಷೆಯಲ್ಲೂ ಅರ್ಥವಿಲ್ಲದ ಅಕ್ಷರಸಾಲುಗಳನ್ನು ತಮ್ಮದೇ ಕಂಪನಿಯ ಮುಖಪುಟದಲ್ಲಿ ಟೈಪ್ ಮಾಡತೊಡಗಿದರು. ಮೇಲೆ ಬಂದ ಫಲಿತಾಂಶದ ಮೇಲೆ ಕ್ಲಿಕ್ ಮಾಡಬೇಕು ಎಂಬುದಷ್ಟೇ ಅವರಿಗಿದ್ದ ಸೂಚನೆ. ಎರಡು ವಾರ ಕಳೆದು ಡಿಸೆಂಬರ್ 31 ಬರುವಷ್ಟರಲ್ಲಿ, ಆ ಫಲಿತಾಂಶಗಳಲ್ಲಿ ಕೆಲವು ಪ್ರತಿಸ್ಪರ್ಧಿಯಾದ ಮೈಕ್ರೋಸಾಫ್ಟ್‌ನ ಬಿಂಗ್‌ನಲ್ಲಿ, ಅವೇ ಅರ್ಥಹೀನ ಪದಗಳಿಗೆ, ಕಾಣಿಸಿಕೊಳ್ಳತೊಡಗಿದವು.

2011ರ ಫೆಬ್ರುವರಿ 1ರಂದು ಈ ಸಂಗತಿ ಹೊರಬಿದ್ದಾಗ ಬಹುತೇಕ ಎಲ್ಲರೂ ಅದನ್ನು ಕಳವಿನ ದೂರು ಎಂದೇ ಓದಿದರು. ಒಂದು ಕಂಪನಿ ಇನ್ನೊಂದರ ಉತ್ತರಪತ್ರಿಕೆಯನ್ನು ನೋಡಿ ಬರೆಯಿತೇ ಇಲ್ಲವೇ ಎಂಬುದರ ಸುತ್ತಲೇ ಚರ್ಚೆ ಸುತ್ತಿತು. ಆ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು, ಇದೇ ಪ್ರಕರಣವನ್ನು ಬೇರೊಂದು ಪ್ರಶ್ನೆಯ ಸಾಕ್ಷ್ಯವಾಗಿ ನೋಡುವುದು ಈ ಬರಹದ ಉದ್ದೇಶ: ಬಳಕೆದಾರರ ಕ್ಲಿಕ್ ಒಂದರಿಂದಲೇ ಸರ್ಚ್ ಎಂಜಿನ್‌ನ ಫಲಿತಾಂಶ ಬದಲಾಗಬಲ್ಲದೇ? ನಿಜವಾದ ಪದಗಳ ಮೇಲೆ ನಡೆಸಿದ ಯಾವ ಪ್ರಯೋಗದಲ್ಲೂ ಇದಕ್ಕೆ ಸ್ವಚ್ಛ ಉತ್ತರ ಸಿಗುವುದಿಲ್ಲ; ಏಕೆಂದರೆ ಪುಟದ ಪಠ್ಯ, ಅದಕ್ಕೆ ಬಂದ ಲಿಂಕ್‌ಗಳು, ಅದರ ಹೊಸತನ, ಹುಡುಕುವವರ ಸ್ಥಳ, ಇವೆಲ್ಲವೂ ಅದೇ ಹೊತ್ತಿಗೆ ತಮ್ಮ ತಮ್ಮ ಕೆಲಸ ಮಾಡುತ್ತಿರುತ್ತವೆ, ಮೇಲೇರಿದ ಪುಟ ಯಾವುದರಿಂದ ಮೇಲೇರಿತು ಎಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ. ಆ ನೂರು ಅರ್ಥಹೀನ ಪದಗಳ ಹಿಂದೆ ಕ್ಲಿಕ್ ಬಿಟ್ಟರೆ ಬೇರೇನೂ ಇರಲಿಲ್ಲ.

ಅನುಮಾನ ಹುಟ್ಟಿದ ಬಗೆ

ಟಾರ್ಸೋರಾಫಿ ಎಂಬುದು ಕಣ್ಣಿನ ರೆಪ್ಪೆಗಳನ್ನು ಭಾಗಶಃ ಹೊಲಿಯುವ ಒಂದು ಅಪರೂಪದ ಶಸ್ತ್ರಚಿಕಿತ್ಸೆ. ಇಂಗ್ಲಿಷ್‌ನಲ್ಲಿ ಅದರ ಕಾಗುಣಿತ ಸಾಕಷ್ಟು ತೊಡಕಿನದು. 2010ರ ಬೇಸಿಗೆಯಲ್ಲಿ, ಈ ಪದವನ್ನು ತಪ್ಪಾಗಿ ಬರೆದಿದ್ದ ಒಂದು ಹುಡುಕಾಟವನ್ನು ಗೂಗಲ್‌ನವರು ಪರಿಶೀಲಿಸುತ್ತಿದ್ದರು. ಗೂಗಲ್ ತಪ್ಪನ್ನು ತಿದ್ದಿ, ಸರಿಯಾದ ಪದದ ಫಲಿತಾಂಶಗಳನ್ನು ತೋರಿಸುತ್ತಿತ್ತು. ಬಿಂಗ್‌ನಲ್ಲಿ ಆ ತಪ್ಪು ಪದಕ್ಕೆ ಆಗ ಫಲಿತಾಂಶವೇ ಇರಲಿಲ್ಲ. ಅದೇ ಬೇಸಿಗೆ ಮುಗಿಯುವುದರೊಳಗೆ ಬಿಂಗ್ ಕೂಡ ಗೂಗಲ್‌ನ ಮೊದಲ ಫಲಿತಾಂಶವನ್ನೇ ತೋರಿಸತೊಡಗಿತು. ಆದರೆ ಕಾಗುಣಿತವನ್ನು ಮಾತ್ರ ತಿದ್ದಲಿಲ್ಲ.

ಗಮನಿಸಬೇಕಾದ ಸೂಕ್ಷ್ಮ ಇರುವುದು ಇಲ್ಲಿಯೇ. ತಪ್ಪು ಪದವೊಂದನ್ನು ಸರಿಯಾದ ಪುಟಕ್ಕೆ ಜೋಡಿಸಬೇಕಾದರೆ ಯಾವುದಾದರೊಂದು ಸೇತುವೆ ಬೇಕು. ಗೂಗಲ್‌ನಲ್ಲಿ ಕಾಗುಣಿತ ತಿದ್ದುವ ವ್ಯವಸ್ಥೆಯೇ ಆ ಸೇತುವೆಯಾಗಿತ್ತು. ಕಾಗುಣಿತವನ್ನು ತಿದ್ದದೆಯೇ ಬಿಂಗ್ ಅದೇ ಪುಟಕ್ಕೆ ತಲುಪಿದ್ದರಿಂದ, ಅದರ ಸೇತುವೆ ಬೇರೆಲ್ಲೋ ಇರಬೇಕು ಎಂಬ ಅನುಮಾನ ಹುಟ್ಟಿತು.

ಬಲೆ

ಗೂಗಲ್ ಸುಮಾರು ನೂರು ಕೃತಕ ಪದಗಳನ್ನು ಹೊಸೆಯಿತು. ಎಚ್-ಐ-ವೈ-ಬಿ-ಬಿ-ಪಿ-ಆರ್-ಕ್ಯೂ-ಎ-ಜಿ ಎಂಬ ಹತ್ತಕ್ಷರದ ಸಾಲು ಅವುಗಳಲ್ಲೊಂದು; ಬಾಯಲ್ಲಿ ಉಚ್ಚರಿಸಲಾಗದ ಇಂಥ ಪದವನ್ನು ಯಾರೂ ಆಕಸ್ಮಿಕವಾಗಿಯೂ ಹುಡುಕುವುದಿಲ್ಲ ಎಂಬುದೇ ಅದರ ಯೋಗ್ಯತೆ. ಅನಂತರ ಈ ಪ್ರಯೋಗದ ಮಟ್ಟಿಗೆ ಪ್ರತಿಯೊಂದು ಪದಕ್ಕೂ ಮೊದಲ ಫಲಿತಾಂಶವನ್ನು ಕೈಯಿಂದಲೇ ನೆಟ್ಟರು. ನೆಟ್ಟದ್ದು ನಿಜವಾದ ಪುಟವನ್ನೇ, ಆದರೆ ಪದಕ್ಕೂ ಪುಟಕ್ಕೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಮೇಲಿನ ಹತ್ತಕ್ಷರದ ಸಾಲಿಗೆ ಲಾಸ್ ಏಂಜಲಿಸ್‌ನ ರಂಗಮಂದಿರವೊಂದರ ಆಸನ ನಕ್ಷೆಯ ಪುಟ. ಎಂ-ಬಿ-ಝಡ್ ಎಂದು ಶುರುವಾಗುವ ಇನ್ನೊಂದು ಸಾಲಿಗೆ ಬ್ಲ್ಯಾಕ್‌ಬೆರಿ ಫೋನ್ ತಯಾರಿಸುತ್ತಿದ್ದ ರಿಸರ್ಚ್ ಇನ್ ಮೋಷನ್ ಕಂಪನಿಯ ಮುಖಪುಟ.

ಲ್ಯಾಪ್‌ಟಾಪ್‌ಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಇತ್ತು, ಅದರ ಮೇಲೆ ಬಿಂಗ್ ಟೂಲ್‌ಬಾರ್ (ಬ್ರೌಸರ್‌ಗೆ ಸೇರಿಸುವ ಹುಡುಕಾಟದ ಪಟ್ಟಿ). ಬ್ರೌಸರ್‌ನ ‘ಸಜೆಸ್ಟೆಡ್ ಸೈಟ್ಸ್’ ಸೌಲಭ್ಯಕ್ಕೆ ಒಪ್ಪಿಗೆ ಕೊಡಲಾಗಿತ್ತು, ಟೂಲ್‌ಬಾರ್ ಅಳವಡಿಸುವಾಗ ಅದು ಮೊದಲೇ ಆರಿಸಿಟ್ಟ ಆಯ್ಕೆಗಳನ್ನೆಲ್ಲ ಹಾಗೆಯೇ ಸ್ವೀಕರಿಸಲಾಗಿತ್ತು. ಅಂದರೆ ಸಾಮಾನ್ಯ ಬಳಕೆದಾರನೊಬ್ಬ ‘ಮುಂದೆ, ಮುಂದೆ, ಸರಿ’ ಎಂದು ಒತ್ತುತ್ತ ಹೋದರೆ ಕಂಪ್ಯೂಟರ್ ಯಾವ ಸ್ಥಿತಿಯಲ್ಲಿರುತ್ತದೆಯೋ ಅದೇ ಸ್ಥಿತಿ. ಆ ಸ್ಥಿತಿಯಲ್ಲಿ ಬ್ರೌಸರ್ ತಾನು ಭೇಟಿ ಕೊಟ್ಟ ವಿಳಾಸಗಳ ಸರಣಿಯನ್ನು ಮೈಕ್ರೋಸಾಫ್ಟ್‌ಗೆ ಕಳುಹಿಸಬಲ್ಲದು. ಗೂಗಲ್‌ನಲ್ಲಿ ಹುಡುಕಿದಾಗ ಹುಡುಕಿದ ಪದವೂ ಆ ಪುಟದ ವಿಳಾಸದೊಳಗೇ ಇರುತ್ತದೆ, ಕ್ಲಿಕ್ ಮಾಡಿದ ಮರುಕ್ಷಣ ಬರುವ ವಿಳಾಸ ಗುರಿ ಪುಟದ್ದು. ಒಂದರ ಹಿಂದೊಂದು ಬಂದ ಈ ಎರಡು ವಿಳಾಸಗಳನ್ನು ಜೋಡಿಸಿದರೆ ‘ಈ ಪದ ಕೇಳಿದವರು ಈ ಪುಟಕ್ಕೆ ಹೋದರು’ ಎಂಬ ವಾಕ್ಯ ತಾನಾಗಿ ಸಿದ್ಧವಾಗುತ್ತದೆ. ಬಲೆ ಹೆಣೆದದ್ದು ಈ ವಾಕ್ಯವನ್ನು ಹಿಡಿಯಲಿಕ್ಕೆ.

ನೂರು ಪದಗಳಲ್ಲಿ ಬಿಂಗ್‌ಗೆ ದಾಟಿದ್ದು ಏಳರಿಂದ ಒಂಬತ್ತು; ಪರಿಶೀಲಿಸಿದ ದಿನವನ್ನು ಅವಲಂಬಿಸಿ ಈ ಸಂಖ್ಯೆ ತುಸು ಏರಿಳಿಯುತ್ತಿತ್ತು. ವಿವರಗಳನ್ನು ಮೊದಲು ಪ್ರಕಟಿಸಿದ ಪತ್ರಕರ್ತ ಡ್ಯಾನಿ ಸಲಿವನ್ ಈ ಅಂಕಿಯನ್ನು ಮರೆಮಾಚಲಿಲ್ಲ, ಆದರೆ ಅನಂತರದ ಗದ್ದಲದಲ್ಲಿ ಅದು ಕಳೆದುಹೋಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಬೆಲೆಬಾಳುವ ಅಂಕಿ ಇದೇ.

ಎರಡು ಕಡೆಯ ಮಾತು

ಗೂಗಲ್ ಪರವಾಗಿ ಹುಡುಕಾಟ ವಿಭಾಗದ ಮುಖ್ಯಸ್ಥ ಅಮಿತ್ ಸಿಂಘಲ್ ಬರೆದರು. ಬಿಂಗ್ ತನ್ನ ಫಲಿತಾಂಶಗಳನ್ನು ನಕಲು ಮಾಡುತ್ತಿದೆ ಎಂಬುದು ಅವರ ಆರೋಪ. ಮೈಕ್ರೋಸಾಫ್ಟ್‌ನ ಹ್ಯಾರಿ ಶಮ್ ಅದೇ ದಿನ ಉತ್ತರ ಕೊಟ್ಟರು: ತಮ್ಮ ರ‍್ಯಾಂಕಿಂಗ್‌ನಲ್ಲಿ ಸಾವಿರಕ್ಕೂ ಹೆಚ್ಚು ಸಂಕೇತಗಳಿವೆ (ಯಾವ ಪುಟ ಮೇಲೆ ಬರಬೇಕೆಂದು ತೀರ್ಮಾನಿಸಲು ನೋಡುವ ಸುಳಿವುಗಳು), ಒಪ್ಪಿಗೆ ಕೊಟ್ಟ ಗ್ರಾಹಕರು ಜಾಲದಲ್ಲಿ ಓಡಾಡುವಾಗ ಸಿಗುವ ಅನಾಮಧೇಯ ಕ್ಲಿಕ್ ದತ್ತಾಂಶ ಅವುಗಳಲ್ಲೊಂದು ಸಣ್ಣ ಭಾಗ, ಗೂಗಲ್ ನಡೆಸಿದ್ದು ಅಪರೂಪದ ಹುಡುಕಾಟಗಳಲ್ಲಿ ವಿಪರೀತ ಫಲಿತಾಂಶ ಬರುವಂತೆ ಹೂಡಿದ ಪತ್ತೇದಾರಿ ಕಾದಂಬರಿಯ ಬಗೆಯ ಆಟ. ಮರುದಿನ ಅದೇ ಕಂಪನಿಯ ಯೂಸುಫ್ ಮೆಹ್ದಿ ಇನ್ನೂ ಕಟುವಾದ ಪದವೊಂದನ್ನು ಬಳಸಿದರು. ಗೂಗಲ್ ಮಾಡಿದ್ದು ಒಂದು ಬಗೆಯ ಕ್ಲಿಕ್ ವಂಚನೆ ಎಂದರು.

ಈ ಪದವನ್ನು ಕೇವಲ ಬೈಗುಳವೆಂದು ತಳ್ಳಿಹಾಕಬಾರದು. ಇಲ್ಲಿ ಕ್ಲಿಕ್ ವಂಚನೆಯೆಂದರೆ, ಬಯಸಿದ ಪುಟ ಮೇಲೇರಲಿ ಎಂಬ ಉದ್ದೇಶದಿಂದ ಸುಳ್ಳು ಕ್ಲಿಕ್‌ಗಳನ್ನು ಸೃಷ್ಟಿಸುವುದು. ಅಂಥ ವಂಚನೆ ಫಲಿಸಿತು ಎಂದು ದೂರುವವರು, ಕ್ಲಿಕ್‌ನಿಂದ ಪುಟ ಮೇಲೇರುತ್ತದೆ ಎಂಬುದನ್ನು ಅದೇ ಉಸಿರಿನಲ್ಲಿ ಒಪ್ಪಿಕೊಂಡಂತಾಯಿತು. ಆರೋಪಿ ತನ್ನ ಸಮರ್ಥನೆಗೆಂದು ಹೇಳಿದ ಮಾತಿನಲ್ಲಿಯೇ ನಮ್ಮ ಪ್ರಶ್ನೆಗೆ ಹೌದೆಂಬ ಉತ್ತರವಿದೆ.

ಕ್ಲಿಕ್ ಮಾಡಿದ್ದೇನು

ಆಸನ ನಕ್ಷೆಯ ಪುಟದೊಳಗೆ ಆ ಹತ್ತಕ್ಷರದ ಸಾಲು ಎಲ್ಲಿಯೂ ಇರಲಿಲ್ಲ. ಆ ಸಾಲನ್ನು ಹೆಸರಾಗಿಟ್ಟುಕೊಂಡ ಲಿಂಕ್ ಕೂಡ ಜಾಲದಲ್ಲಿ ಎಲ್ಲಿಯೂ ಇರಲಿಲ್ಲ. ಆದರೂ ಬಿಂಗ್ ಎರಡನ್ನೂ ಜೋಡಿಸಿತು. ಅಂದರೆ ಕ್ಲಿಕ್ ಇಲ್ಲಿ ಇರುವ ಫಲಿತಾಂಶಗಳನ್ನು ಹಿಂದುಮುಂದು ಮಾಡುವುದಕ್ಕಿಂತ ಮೂಲಭೂತವಾದ ಕೆಲಸವನ್ನು ಮಾಡಿದೆ. ಪುಟಕ್ಕೆ ಹೊಸದೊಂದು ಚೀಟಿ ಅಂಟಿಸಿದೆ. ‘ಕ್ಲಿಕ್‌ನಿಂದ ರ‍್ಯಾಂಕ್ ಬದಲಾಗುತ್ತದೆಯೇ’ ಎಂದು ವಾದಿಸುವವರು ಸಾಮಾನ್ಯವಾಗಿ ಐದನೇ ಸ್ಥಾನದಿಂದ ಮೂರನೇ ಸ್ಥಾನಕ್ಕೆ ಏರುವುದನ್ನಷ್ಟೇ ಕಲ್ಪಿಸಿಕೊಳ್ಳುತ್ತಾರೆ. ಒಂದು ಪುಟ ಒಂದು ಪದಕ್ಕೆ ಸ್ಪರ್ಧಿಯೇ ಆಗಿರದಿದ್ದಾಗ ಅದನ್ನು ಕಣಕ್ಕಿಳಿಸುವ ಕೆಲಸವನ್ನೂ ಕ್ಲಿಕ್ ಮಾಡಬಲ್ಲದು ಎಂಬುದು ಈ ಪ್ರಕರಣದಿಂದ ಕಾಣುತ್ತದೆ.

ಗೂಗಲ್‌ನೊಳಗಿನವರೂ ಕ್ಲಿಕ್ಕನ್ನು ಹೀಗೆಯೇ ಕಂಡಿದ್ದರು ಎಂಬುದು ಬಹಳ ವರ್ಷಗಳ ಬಳಿಕ ತಿಳಿಯಿತು. ಅಮೆರಿಕದ ನ್ಯಾಯ ಇಲಾಖೆ ಹೂಡಿದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಹೊರಬಂದ ಕಂಪನಿಯ ಒಳದಾಖಲೆಯೊಂದು ರ‍್ಯಾಂಕಿಂಗ್‌ಗೆ ಮೂರು ಕಂಬಗಳನ್ನು ಹೆಸರಿಸುತ್ತದೆ: ಪುಟ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದು, ಜಾಲ ಆ ಪುಟದ ಬಗ್ಗೆ ಹೇಳುವುದು, ಬಳಕೆದಾರರು ಆ ಪುಟದ ಬಗ್ಗೆ ಹೇಳುವುದು. ಪಠ್ಯ, ಲಿಂಕ್, ಕ್ಲಿಕ್. ನೂರು ಪದಗಳ ಪ್ರಯೋಗದಲ್ಲಿ ಮೊದಲೆರಡು ಕಂಬಗಳನ್ನು ಉದ್ದೇಶಪೂರ್ವಕವಾಗಿ ಕಿತ್ತಿಡಲಾಗಿತ್ತು. ಮೂರನೆಯದೊಂದೇ ಏಳೆಂಟು ಬಾರಿ ಚಾವಣಿಯನ್ನು ಹೊತ್ತು ನಿಂತಿತು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಕ್ಲಿಕ್‌ಗೆ ಆ ಪದಗಳ ಮಟ್ಟಿಗೆ ಸಿಕ್ಕಿದ್ದು ಅಂಥ ಗೌಡಿಕೆ.

ಹಾಗಿದ್ದೂ ತೊಂಬತ್ತಕ್ಕಿಂತ ಹೆಚ್ಚು ಪದಗಳಲ್ಲಿ ಬೇರೆ ಯಾವ ಸಾಕ್ಷ್ಯವೂ ಅಡ್ಡಬರದಿದ್ದಾಗಲೂ ಏನೂ ಆಗಲಿಲ್ಲ. ಕ್ಲಿಕ್ ನೇರವಾಗಿ ಫಲಿತಾಂಶಕ್ಕೆ ಹರಿಯುವ ಕೊಳವೆ ಇದ್ದಿದ್ದರೆ ನೂರೂ ದಾಟಬೇಕಿತ್ತು. ನಡುವೆ ಸೋಸುವ ಜರಡಿಗಳಿದ್ದವು ಎಂದೇ ಇದರಿಂದ ತಿಳಿಯಬೇಕು. ನಕಲು ಎಂಬ ಆರೋಪವನ್ನು ಈ ಅಂಕಿ ದುರ್ಬಲಗೊಳಿಸುತ್ತದೆ, ಕ್ಲಿಕ್ ಒಂದು ಸಂಕೇತ ಎಂಬ ವಾದವನ್ನು ಬಲಪಡಿಸುತ್ತದೆ. ನಕಲು ಮಾಡುವವನು ನೂರರಲ್ಲಿ ತೊಂಬತ್ತನ್ನು ಬಿಟ್ಟು ಬರೆಯುವುದಿಲ್ಲ.

ಜರಡಿ ಯಾಕೆ ಬೇಕು ಎಂಬುದನ್ನು ಸಂಶೋಧಕರು ಇದಕ್ಕೂ ಮೊದಲೇ ತೋರಿಸಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟನ್ ಯೋಆಕಿಮ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಡುಕುವವರ ಕಣ್ಣಿನ ಚಲನೆಯನ್ನು ಉಪಕರಣದಿಂದ ಗುರುತಿಸಿಕೊಳ್ಳುತ್ತ, ಕೆಲವರಿಗೆ ಫಲಿತಾಂಶಗಳನ್ನು ತಲೆಕೆಳಗಾಗಿ ಜೋಡಿಸಿ ಕೊಟ್ಟರು. ಕೊನೆಯಲ್ಲಿರಬೇಕಾದ ಪುಟ ಮೊದಲಿಗೆ ಬಂದಾಗಲೂ, ಅದು ಮೊದಲಿದೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಅರ್ಹತೆ ಮೀರಿದ ಕ್ಲಿಕ್‌ಗಳು ಬಿದ್ದವು. ಹೀಗಾಗಿ ಕ್ಲಿಕ್‌ಗಳನ್ನು ಬರಿದೆ ಎಣಿಸಿದರೆ ಮೇಲಿದ್ದವರು ಮೇಲೆಯೇ ಉಳಿಯುತ್ತಾರೆ. ಆದರೆ ಒಬ್ಬ ಬಳಕೆದಾರ ಮೊದಲ ಎರಡನ್ನು ನೋಡಿಯೂ ಬಿಟ್ಟು ಮೂರನೆಯದನ್ನು ಒತ್ತಿದರೆ, ಆ ಮೂರರ ನಡುವೆ ಅವನು ಮಾಡಿದ ಹೋಲಿಕೆ ನಂಬಬಹುದಾದ ಮಾಹಿತಿ ಎಂದು ಅವರು ಕಂಡುಕೊಂಡರು. ಬಿಡಿಯಾಗಿ ನೋಡಿದರೆ ಕ್ಲಿಕ್ ಮತವಲ್ಲ, ಹೋಲಿಕೆಯಲ್ಲಿ ಇಟ್ಟಾಗಲೇ ಅದು ಮತವಾಗುತ್ತದೆ. ಗೂಗಲ್‌ನ ಪ್ರಯೋಗದಲ್ಲಿ ಹೋಲಿಸಲು ಎರಡನೆಯ ಯೋಗ್ಯ ಪುಟವೇ ಇರಲಿಲ್ಲ. ಹಾಗಾಗಿ ಕ್ಲಿಕ್‌ನ ಶಕ್ತಿಯನ್ನು ತೋರಿಸಲು ಈ ಪ್ರಕರಣ ಎಷ್ಟು ಉಪಯುಕ್ತವೋ, ದಿನನಿತ್ಯದ ಹುಡುಕಾಟದಲ್ಲಿ ಆ ಶಕ್ತಿಯ ಪ್ರಮಾಣ ಎಷ್ಟು ಎಂದು ಅಳೆಯಲು ಅಷ್ಟೇ ನಿರುಪಯುಕ್ತ.

2014ರಲ್ಲಿ ಎಸ್‌ಇಒ (ಸರ್ಚ್ ಎಂಜಿನ್‌ಗಳಲ್ಲಿ ಪುಟಗಳನ್ನು ಮೇಲೇರಿಸುವ ವೃತ್ತಿ) ತಜ್ಞ ರ‍್ಯಾಂಡ್ ಫಿಶ್‌ಕಿನ್ ಟ್ವಿಟರ್‌ನಲ್ಲಿ ತಮ್ಮ ಅನುಯಾಯಿಗಳಿಗೆ ಒಂದು ಪದವನ್ನು ಹುಡುಕಿ, ತಮ್ಮ ಪುಟದ ಮೇಲೆ ಕ್ಲಿಕ್ ಮಾಡಲು ಕೇಳಿಕೊಂಡಾಗ, ಗೂಗಲ್‌ನಲ್ಲಿ ಆ ಪುಟ ಕೆಲವೇ ಗಂಟೆಗಳಲ್ಲಿ ಏಳರಿಂದ ಒಂದನೇ ಸ್ಥಾನಕ್ಕೆ ಏರಿದ್ದು ಎಸ್‌ಇಒ ವಲಯದಲ್ಲಿ ಇಂದಿಗೂ ಮೆಲುಕು ಹಾಕುವ ಕಥೆ. ಅಲ್ಲಿಯೂ ಆರಿಸಿದ್ದು ಹೆಚ್ಚು ಮಂದಿ ಹುಡುಕದ ಪದವನ್ನೇ. ಇನ್ನೂರರಷ್ಟು ಜನರ ಕ್ಲಿಕ್ ಅಲ್ಲಿ ಪ್ರವಾಹ. ಲಕ್ಷಾಂತರ ಜನ ದಿನವೂ ಹುಡುಕುವ ಪದದಲ್ಲಿ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕ್ಲಿಕ್ ಮಾಡುವ ಬಾಟ್‌ಗಳನ್ನು ಮಾರುವವರು ಈ ಕಥೆಯನ್ನು ಹೇಳುವಾಗ ಆ ಪದವನ್ನು ಎಷ್ಟು ಮಂದಿ ಹುಡುಕುತ್ತಾರೆ ಎಂಬುದನ್ನು ಮಾತ್ರ ಹೇಳದೆ ಬಿಡುತ್ತಾರೆ.

ದೂರು ಕೊಟ್ಟವರ ಮನೆ

ತಮ್ಮ ಬಳಕೆದಾರರ ಕ್ಲಿಕ್ ಪ್ರತಿಸ್ಪರ್ಧಿಯ ಫಲಿತಾಂಶವಾಗುವುದನ್ನು ಆಕ್ಷೇಪಿಸಿದ ಗೂಗಲ್, ಆ ಕ್ಲಿಕ್‌ಗಳನ್ನು ತಾನು ಹೇಗೆ ಬಳಸುತ್ತಿದ್ದೇನೆ ಎಂಬುದರ ಬಗ್ಗೆ ಬಹುಕಾಲ ಬಾಯಿಬಿಡಲಿಲ್ಲ. 2019ರಲ್ಲಿ ಗೂಗಲ್‌ನ ಗ್ಯಾರಿ ಇಲೀಶ್, ಕ್ಲಿಕ್ ಪ್ರಮಾಣ ಮತ್ತು ಪುಟದಲ್ಲಿ ಉಳಿಯುವ ಸಮಯದ ಕುರಿತ ಸಿದ್ಧಾಂತಗಳನ್ನು ಕಟ್ಟುಕಥೆಗಳೆಂದು ಒರಟಾಗಿಯೇ ತಳ್ಳಿಹಾಕಿದ್ದರು. ಆದರೆ ಅದಕ್ಕೂ ಮೊದಲೇ, 2015ರ ಮಾರ್ಚ್‌ನಲ್ಲಿ, ಅಮೆರಿಕದ ಸ್ಪರ್ಧಾ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ 2012ರ ಒಳವರದಿಯೊಂದು ಅಚಾತುರ್ಯದಿಂದ ಪತ್ರಿಕೆಯ ಕೈಸೇರಿ ಗುಟ್ಟು ರಟ್ಟಾಗಿತ್ತು. ಅದರಲ್ಲಿ ಗೂಗಲ್‌ನ ಹುಡುಕಾಟ ಗುಣಮಟ್ಟ ವಿಭಾಗದ ಮಾಜಿ ಮುಖ್ಯಸ್ಥ ಉದಿ ಮಾನ್ಬರ್ ಅವರ ಹೇಳಿಕೆ ಇದೆ: ಒಂದು ಹುಡುಕಾಟದಲ್ಲಿ ಶೇಕಡಾ 80ರಷ್ಟು ಜನ ಎರಡನೆಯ ಫಲಿತಾಂಶವನ್ನೂ ಶೇಕಡಾ 10ರಷ್ಟು ಜನ ಮೊದಲನೆಯದನ್ನೂ ಒತ್ತುತ್ತಿದ್ದಾರೆ ಎಂದುಕೊಂಡರೆ, ಸ್ವಲ್ಪ ಕಾಲದ ಮೇಲೆ ಜನರಿಗೆ ಬೇಕಾದದ್ದು ಎರಡನೆಯದೇ ಇರಬೇಕೆಂದು ತಿಳಿದು ಅವುಗಳ ಸ್ಥಾನ ಬದಲಿಸುತ್ತೇವೆ. ಮೊದಲನೆಯದಕ್ಕೆ ಸ್ಥಾನಬಲವಿದ್ದೂ ಅದು ಸೋತಿದೆ ಎಂಬುದೇ ಈ ಉದಾಹರಣೆಯ ಜೀವಾಳ. ಮೇಲೆ ಹೇಳಿದ ಹೋಲಿಕೆಯ ತರ್ಕವೇ ಇಲ್ಲಿಯೂ ಕೆಲಸ ಮಾಡುತ್ತಿದೆ.

ಪೂರ್ಣ ಚಿತ್ರ ಸಿಕ್ಕಿದ್ದು 2023ರ ಸೆಪ್ಟೆಂಬರ್ 12ರಂದು ವಾಷಿಂಗ್ಟನ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರ ಮುಂದೆ ಆರಂಭವಾದ, ಆ ಏಕಸ್ವಾಮ್ಯ ಮೊಕದ್ದಮೆಯ ವಿಚಾರಣೆಯಲ್ಲಿ. ಗೂಗಲ್‌ನ ಉಪಾಧ್ಯಕ್ಷ ಪಾಂಡು ನಾಯಕ್ ಅವರು ನಾವ್‌ಬೂಸ್ಟ್ ಎಂಬ ವ್ಯವಸ್ಥೆಯ ಬಗ್ಗೆ ಪ್ರಮಾಣ ಮಾಡಿ ಹೇಳಿದರು. ಅದು ತಮ್ಮಲ್ಲಿರುವ ಮುಖ್ಯ ಸಂಕೇತಗಳಲ್ಲೊಂದು. ಹಿಂದಿನ 13 ತಿಂಗಳ ಕ್ಲಿಕ್ ದತ್ತಾಂಶವನ್ನು ನೋಡುತ್ತದೆ, 2017ಕ್ಕಿಂತ ಮೊದಲು ಈ ಅವಧಿ 18 ತಿಂಗಳಿತ್ತು. ಸ್ಥಳವನ್ನು ಅನುಸರಿಸಿಯೂ, ಫೋನ್ ಅಥವಾ ಕಂಪ್ಯೂಟರ್ ಎಂಬುದನ್ನು ಅನುಸರಿಸಿಯೂ ದತ್ತಾಂಶವನ್ನು ಬೇರೆ ಬೇರೆಯಾಗಿ ಇಡುತ್ತದೆ. ಗೂಗಲ್‌ನಲ್ಲಿ ದೀರ್ಘಕಾಲ ಕೆಲಸ ಮಾಡಿದ್ದ ಎರಿಕ್ ಲೇಮನ್ ಅದನ್ನು ಇನ್ನೂ ಸರಳವಾಗಿ ವಿವರಿಸಿದರು: ಅದು ಯಂತ್ರಕಲಿಕೆಯ ವ್ಯವಸ್ಥೆಯೇ ಅಲ್ಲ, ಒಂದು ದೊಡ್ಡ ಕೋಷ್ಟಕ, ಈ ಪ್ರಶ್ನೆಗೆ ಈ ಪುಟ ಎರಡು ಕ್ಲಿಕ್ ಪಡೆಯಿತು, ಆ ಪುಟ ಮೂರು ಪಡೆಯಿತು ಎಂದು ಬರೆದಿಟ್ಟುಕೊಳ್ಳುತ್ತದೆ.

ಕೋಷ್ಟಕ ಎಂಬ ಈ ಮಾತನ್ನು ಹಿಡಿದು ಹಿಂದಿರುಗಿದರೆ 2010ರ ಪ್ರಯೋಗ ಹೊಸ ಬೆಳಕಿನಲ್ಲಿ ಕಾಣುತ್ತದೆ. ‘ಈ ಪದ ಕೇಳಿದವರು ಈ ಪುಟಕ್ಕೆ ಹೋದರು’ ಎಂದು ಟೂಲ್‌ಬಾರ್ ಕಟ್ಟಿಕೊಟ್ಟ ವಾಕ್ಯ ಅಂಥ ಕೋಷ್ಟಕದ ಒಂದು ಸಾಲಲ್ಲದೆ ಬೇರೆಯಲ್ಲ. ಇಪ್ಪತ್ತು ಮಂದಿ ಸೇರಿ ಬಿಂಗ್‌ನ ಪುಸ್ತಕದಲ್ಲಿ ನೂರು ಸುಳ್ಳು ಸಾಲುಗಳನ್ನು ಬರೆಯಲು ಹೊರಟಿದ್ದರು.

2024ರ ಮೇ ತಿಂಗಳಲ್ಲಿ ಗೂಗಲ್‌ನ ಒಳಗಿನ ತಾಂತ್ರಿಕ ದಸ್ತಾವೇಜು ಸೋರಿಕೆಯಾದಾಗ ಜರಡಿಯ ಹೆಸರುಗಳೂ ಹೊರಬಂದವು. 14,014 ಗುಣಲಕ್ಷಣಗಳ ಆ ರಾಶಿಯಲ್ಲಿ ಒಳ್ಳೆಯ ಕ್ಲಿಕ್, ಕೆಟ್ಟ ಕ್ಲಿಕ್, ಕೊನೆಯ ಮತ್ತು ಅತಿ ದೀರ್ಘ ಕ್ಲಿಕ್ ಎಂಬ ಅರ್ಥದ ಹೆಸರುಗಳಿದ್ದವು. ಒಂದೇ ದೊಡ್ಡ ಸಂಕೇತ ಉಳಿದವನ್ನು ನುಂಗದಂತೆ ಅದನ್ನು ಅದುಮಿಡುವ ‘ಸ್ಕ್ವಾಶಿಂಗ್’ ಎಂಬ ಕ್ರಿಯೆಯ ಪ್ರಸ್ತಾಪವೂ ಇತ್ತು. ದಸ್ತಾವೇಜು ನಿಜವಾದದ್ದೆಂದು ಗೂಗಲ್ ಒಪ್ಪಿತು, ಸಂದರ್ಭ ಬಿಟ್ಟು ಓದಬೇಡಿ ಎಂದಿತು. ಆ ಎಚ್ಚರಿಕೆ ನ್ಯಾಯವಾದದ್ದೇ. ಪಟ್ಟಿಯಲ್ಲಿ ಹೆಸರುಗಳಿದ್ದವು, ತೂಕಗಳಿರಲಿಲ್ಲ.

ಮೆಹ್ತಾ ಅವರು 2024ರ ಆಗಸ್ಟ್ 5ರಂದು ಗೂಗಲ್ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ಆ ತೀರ್ಪಿನಲ್ಲಿ ಕ್ಲಿಕ್‌ನ ಬೆಲೆಗೆ ಅಂಕಿಗಳೇ ಇವೆ. ಗೂಗಲ್ 13 ತಿಂಗಳಲ್ಲಿ ಗಳಿಸುವ ಬಳಕೆದಾರರ ದತ್ತಾಂಶವನ್ನು ಬಿಂಗ್ ಗಳಿಸಬೇಕಾದರೆ 17 ವರ್ಷಗಳಿಗೂ ಹೆಚ್ಚು ಕಾಲ ಬೇಕು. 37 ಲಕ್ಷ ಭಿನ್ನ ಹುಡುಕುಪದಗಳನ್ನು ವಿಶ್ಲೇಷಿಸಿದಾಗ ಅವುಗಳಲ್ಲಿ ಶೇಕಡಾ 93 ಗೂಗಲ್‌ನಲ್ಲಿ ಮಾತ್ರ ಕಂಡವು, ಶೇಕಡಾ 4.8 ಬಿಂಗ್‌ನಲ್ಲಿ ಮಾತ್ರ. ಕಣ್ಣಿನ ರೆಪ್ಪೆಯ ಶಸ್ತ್ರಚಿಕಿತ್ಸೆಯ ತಪ್ಪು ಕಾಗುಣಿತದಂಥ ಹುಡುಕಾಟಗಳು ತುಂಬಿರುವುದು ಈ 93ರೊಳಗೆ. ಬೇರೆಯವರ ಮನೆಯಂಗಳದ ಕ್ಲಿಕ್‌ಗಳು ಬಿಂಗ್‌ಗೆ ಏಕೆ ಬೇಕಾಗಿದ್ದವು ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಅಂಕಿ ನನಗೆ ಕಂಡಿಲ್ಲ.

ಪರಿಹಾರದ ಆದೇಶ 2025ರ ಸೆಪ್ಟೆಂಬರ್ 2ರಂದು ಬಂತು. ಕ್ರೋಮ್ ಬ್ರೌಸರ್ ಅನ್ನು ಮಾರಬೇಕೆಂಬ ಸರ್ಕಾರದ ಬೇಡಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಆದರೆ ಅರ್ಹ ಪ್ರತಿಸ್ಪರ್ಧಿಗಳಿಗೆ ಗೂಗಲ್ ತನ್ನ ಸೂಚಿಯ (ಜಾಲಪುಟಗಳ ಸಂಗ್ರಹಪಟ್ಟಿಯ) ಕೆಲವು ಭಾಗಗಳನ್ನೂ ಬಳಕೆದಾರರ ವರ್ತನೆಯ ಕೆಲವು ದತ್ತಾಂಶಗಳನ್ನೂ ಒದಗಿಸಬೇಕೆಂದು ಹೇಳಿತು. ಗ್ಲೂ ಎಂಬ ನಾವ್‌ಬೂಸ್ಟ್‌ನ ಸೋದರ ವ್ಯವಸ್ಥೆಯನ್ನು ಕಟ್ಟಲು ಬಳಸಿದ ದತ್ತಾಂಶವೂ ಅದರಲ್ಲಿದೆ: ಯಾವ ಪದ ಕೇಳಿದರು, ಯಾವ ಫಲಿತಾಂಶಗಳು ಕಂಡವು, ಎಲ್ಲಿ ಒತ್ತಿದರು. ಹದಿನೈದು ವರ್ಷಗಳ ಹಿಂದೆ ಆ ಇಪ್ಪತ್ತು ಲ್ಯಾಪ್‌ಟಾಪ್‌ಗಳಿಂದ ಬಿಂಗ್ ಟೂಲ್‌ಬಾರ್ ಹೆಕ್ಕಿಕೊಂಡು ಹೋದದ್ದು ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ.